ಸಣ್ಣ ಎಸ್‌ಯುವಿಯ ಡಿಕ್ಕಿಗೆ ರೋಲರ್ ಕವರ್: ಅಳತೆ, ಖರ್ಚು, ಕೈಕೊಟ್ಟ ಕಡೆಗಳು

ಗಾಡಿ 4 ಮೀಟರ್ ಒಳಗಿನ ಐದು ಸೀಟಿನ ಎಸ್‌ಯುವಿ, ಕೆಳಗಿನ ವೇರಿಯಂಟ್. ಕಂಪನಿಯಿಂದ ಪಾರ್ಸೆಲ್ ಟ್ರೇ, ಅಂದರೆ ಡಿಕ್ಕಿಯ ಸಾಮಾನು ಮರೆಮಾಡುವ ಹಲಗೆ, ಬಂದಿಲ್ಲ. ಬರೀ ಟ್ರೇ ಇಲ್ಲದಿದ್ದರೆ ಒಂದನ್ನು ತಂದು ಇಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಡಿಕ್ಕಿಯ ಪಕ್ಕದ ಗೋಡೆಗೆ ಹೊದಿಸಿದ ಪ್ಲಾಸ್ಟಿಕ್ ಟ್ರಿಮ್‌ನಲ್ಲಿ ಟ್ರೇ ಕೂರುವ ಕಿವಿಯೂ ಇಲ್ಲ, ರೋಲರ್ ಕೂರುವ ಕಚ್ಚೂ ಇಲ್ಲ. ಮೇಲಿನ ವೇರಿಯಂಟಿನ ಟ್ರಿಮ್ಮನ್ನೇ ತರಿಸಿ ಬದಲಾಯಿಸುವ ದಾರಿ ಇದೆ, ಅದಕ್ಕೆ ಕವರ್‌ಗಿಂತ ಹೆಚ್ಚು ದುಡ್ಡು ಹೋಗುತ್ತದೆ.

ಗಾಡಿ ಓಡುವುದು ಕೋಲಾರ, ಬಂಗಾರಪೇಟೆ, ಶ್ರೀನಿವಾಸಪುರದ ಸುತ್ತ. ನಿಲ್ಲಿಸಿದಾಗ ಡಿಕ್ಕಿಯಲ್ಲಿರುವುದು ಗಾಜಿನಿಂದ ಕಾಣಬಾರದು. ಎಪಿಎಂಸಿಗೆ ಟೊಮೇಟೊ ಒಯ್ಯುವ ದಿನ ಕವರ್ ಪೂರ್ತಿ ಎದ್ದು ಬರಬೇಕು, ಅದಕ್ಕೆ ಸ್ಕ್ರೂಡ್ರೈವರ್ ಹುಡುಕುವಂತಿರಬಾರದು. 15 ಕಿಲೋ ಹಿಡಿಯುವ ಕ್ರೇಟಿನ ಎತ್ತರ ಸುಮಾರು 300 ಮಿ.ಮೀ. ಒಂದರ ಮೇಲೊಂದು ಇಟ್ಟರೆ 600. ಕವರ್ ಕೂರುವ ಎತ್ತರ 455. ಹಾಗಾಗಿ ಗಟ್ಟಿ ಹಲಗೆಯ ಟ್ರೇ ಬೇಡವೆಂದಾಯಿತು, ಎಳೆದು ಬಿಡುವ ರೋಲರ್ ಕವರೇ ಆಯ್ಕೆ. ಹಲಗೆಯ ಟ್ರೇಯನ್ನು ಬಡಗಿಯ ಕೈಲಿ ಮಾಡಿಸುವವರೂ ಇದ್ದಾರೆ. 12 ಮಿ.ಮೀ. ಪ್ಲೈವುಡ್‌ನಲ್ಲಿ ಈ ಅಳತೆಗೆ ನಾಲ್ಕು ಕಿಲೋ ತೂಗುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಆ ನಾಲ್ಕು ಕಿಲೋ ಹಲಗೆ ಹಿಂದಿನ ಸೀಟಿನವರ ತಲೆಯ ಮಟ್ಟದಲ್ಲೇ ಮುಂದಕ್ಕೆ ಬರುತ್ತದೆ, ಆದ್ದರಿಂದ ಅದನ್ನು ಮಾಡಿಸಿ ಎಂದು ಯಾರಿಗೂ ಹೇಳುವುದಿಲ್ಲ.

ತಂದದ್ದು "ಯೂನಿವರ್ಸಲ್" ಎಂದು ಮಾರುವ ಕವರ್. ಅಲ್ಯೂಮಿನಿಯಂ ಕೊಳವೆಯ ಕ್ಯಾಸೆಟ್, ಒಳಗೆ ಸ್ಪ್ರಿಂಗ್ ರೋಲರ್, ಪಿವಿಸಿ ಲೇಪಿಸಿದ ಬಟ್ಟೆಯ ಶೀಟು, ಶೀಟಿನ ತುದಿಯಲ್ಲಿ ಎಳೆಯುವ ಪಟ್ಟಿ. ಕ್ಯಾಸೆಟ್ಟಿನ ತುದಿಗಳು ಸ್ಪ್ರಿಂಗ್ ಮೇಲೆ ಒಳಕ್ಕೆ ಹೋಗುತ್ತವೆ. ಜೊತೆಗೆ ಬಂದದ್ದು ಮೇಲುಗಡೆ ಬಾಯಿ ತೆರೆದ ಎರಡು ಯು ಬ್ರಾಕೆಟ್, ಎರಡು ಕೊಕ್ಕೆ, ನಾಲ್ಕು ತುಂಡು ಎರಡು ಬದಿ ಅಂಟಿನ ಟೇಪು, ಒಂದಿಷ್ಟು ಸಣ್ಣ ಸ್ಕ್ರೂ. ಯಾವ ಗಾಡಿಗೂ ಸರಿಯಾಗಿ ಹೊಂದದ್ದಕ್ಕೆ ಯೂನಿವರ್ಸಲ್ ಎನ್ನುತ್ತಾರೆ. ಶೀಟು, ರೋಲರ್ ಎಲ್ಲ ಚೆನ್ನಾಗಿಯೇ ಇರುತ್ತವೆ. ಕೈಕೊಡುವುದು ಯಾವಾಗಲೂ ಆ ನಾಲ್ಕು ತುದಿ ಕೂರುವ ಜಾಗ. ಕೆಳಗಿನ ಬರಹ ಹೆಚ್ಚಾಗಿ ಅದರ ಬಗ್ಗೆಯೇ.

ಹಂತ 1: ಅಳತೆ

ಡಿಕ್ಕಿಯ ನೆಲದಿಂದ ಅಳೆಯಬೇಡಿ. ನೆಲದ ಕಾರ್ಪೆಟ್ ಹಲಗೆ ಎಡಕ್ಕೊಂದು ಬಲಕ್ಕೊಂದು ಮಟ್ಟದಲ್ಲಿರುತ್ತದೆ, ಕೈಯಿಟ್ಟು ಒತ್ತಿದರೆ 4–5 ಮಿ.ಮೀ. ಇಳಿಯುತ್ತದೆ. ರಸಮಟ್ಟವೂ ಇಲ್ಲಿ ಉಪಯೋಗಕ್ಕಿಲ್ಲ, ಗಾಡಿ ನಿಂತ ನೆಲವೇ ಮಟ್ಟವಾಗಿರುವುದಿಲ್ಲ. ಹಿಂದಿನ ಸೀಟಿನ ಬೆನ್ನು ಮೇಲೆದ್ದಾಗ ಹೋಗಿ ಕಚ್ಚಿಕೊಳ್ಳುವ ಕಬ್ಬಿಣದ ಕೊಂಡಿ ಎರಡೂ ಪಕ್ಕದಲ್ಲಿ ಇರುತ್ತದಲ್ಲ, ಅದು ನೇರವಾಗಿ ಬಾಡಿಗೆ ಸೇರಿದ್ದು. ಎಡ ಬಲ ಒಂದೇ ಜಾಗದಲ್ಲಿರುತ್ತದೆ. ಎಲ್ಲ ಅಳತೆಯನ್ನೂ ಆ ಕೊಂಡಿಯ ನಡುಮಧ್ಯದಿಂದಲೇ ತೆಗೆದದ್ದು.

ಈ ಗಾಡಿಗೆ ಬಂದ ಅಳತೆ ಹೀಗಿದೆ. ಸೀಟಿನ ಬೆನ್ನ ಹಿಂದೆ, ಕ್ಯಾಸೆಟ್ ಕೂರುವ ಮಟ್ಟದಲ್ಲಿ ಟ್ರಿಮ್‌ನಿಂದ ಟ್ರಿಮ್‌ಗೆ 1,026 ಮಿ.ಮೀ. ಹಿಂಬಾಗಿಲ ಹತ್ತಿರ, ಕೊಕ್ಕೆ ಬರುವ ಕಡೆ 948. ಬ್ರಾಕೆಟ್ಟಿನಿಂದ ಕೊಕ್ಕೆಗೆ ಉದ್ದ 540. ಬ್ರಾಕೆಟ್ಟಿನ ನಡು ಕೊಂಡಿಯಿಂದ 62 ಹಿಂದಕ್ಕೆ, 38 ಮೇಲಕ್ಕೆ. ಕ್ಯಾಸೆಟ್ ಬಿಡಿಯಾಗಿದ್ದಾಗ ಉದ್ದ 1,030, ಪೂರ್ತಿ ಒತ್ತಿದರೆ 1,000.

ಬ್ರಾಕೆಟ್ಟಿನ ತಳ 4 ಮಿ.ಮೀ. ದಪ್ಪ. ಎರಡೂ ಸೇರಿ 8 ಕಳೆದರೆ ಕ್ಯಾಸೆಟ್ಟಿಗೆ ಸಿಗುವ ಜಾಗ 1,018. ಅಂದರೆ 30 ಮಿ.ಮೀ. ಸ್ಪ್ರಿಂಗಿನಲ್ಲಿ 12 ಒಳಕ್ಕೆ ಹೋಗುತ್ತದೆ. ಇದು ಸರಿಯಾದ ಲೆಕ್ಕ. ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಒತ್ತಿರಬೇಕು. ಅದಕ್ಕಿಂತ ಕಡಿಮೆಯಾದರೆ ಬ್ರಾಕೆಟ್ಟಿನ ಗುಂಡಿಯಲ್ಲಿ ಕ್ಯಾಸೆಟ್ ಕುಣಿಯುತ್ತದೆ. ಹೆಚ್ಚಾದರೆ ಟ್ರಿಮ್ ಹೊರಕ್ಕೆ ಉಬ್ಬಿ ತಿರುವಿನಲ್ಲಿ ಕಿರ್ ಎನ್ನುತ್ತದೆ. ಅಂಗಡಿಯಲ್ಲಿ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದೊಂದೇ: ಬಿಟ್ಟಾಗ ಎಷ್ಟು, ಒತ್ತಿದಾಗ ಎಷ್ಟು. ಗಾಡಿಯ ಹೆಸರು ಹೇಳಿ "ಇದಕ್ಕೆ ಕೂರುತ್ತಾ" ಎಂದು ಕೇಳಿದರೆ ಕೂರುತ್ತದೆ ಎಂದೇ ಉತ್ತರ ಬರುತ್ತದೆ.

ಎಡದ ಟ್ರಿಮ್ಮೂ ಬಲದ ಟ್ರಿಮ್ಮೂ ಕನ್ನಡಿಯ ಬಿಂಬವಲ್ಲ. ಈ ಗಾಡಿಯಲ್ಲಿ ಪೆಟ್ರೋಲ್ ತುಂಬುವ ಬಾಯಿ ಎಡಕ್ಕಿದೆ, ಆ ಬದಿಯ ಟ್ರಿಮ್ 6 ಮಿ.ಮೀ. ಒಳಕ್ಕೆ ಉಬ್ಬಿದೆ. ಬಲಗಡೆ ಜಾಕ್ ಇಡುವ ಗೂಡು. ಹಳೆ ಕ್ಯಾಲೆಂಡರ್ ಹಾಳೆಯಲ್ಲಿ ಎಡದ ಮಾದರಿ ಕತ್ತರಿಸಿ, ಅದನ್ನೇ ಮಗುಚಿ ಬಲಕ್ಕೆ ಅಂಟಿಸುವುದು ಸಾಮಾನ್ಯ ಪದ್ಧತಿ. ಹಾಗೆ ಮಾಡಿದರೂ ತೂತು ಹಾಕುವ ಮೊದಲು ಕೊಂಡಿಯಿಂದ ಇನ್ನೊಮ್ಮೆ ಅಳೆಯಿರಿ. ಇಲ್ಲಿ ಮಗುಚಿದ ಹಾಳೆಯ ಗುರುತು 5 ಮಿ.ಮೀ. ಮೇಲೆ ಬಂದಿತ್ತು.

ಎತ್ತರಕ್ಕೆ ಎರಡು ಮಿತಿ. ಕ್ಯಾಸೆಟ್ ಸೀಟಿನ ಬೆನ್ನ ತುದಿಗಿಂತ ಕನಿಷ್ಠ 30 ಮಿ.ಮೀ. ಕೆಳಗಿರಬೇಕು. ಅಪಘಾತವಾದರೆ ಅದನ್ನು ತಡೆಯುವುದು ಸೀಟಿನ ಬೆನ್ನೇ ಹೊರತು ಬ್ರಾಕೆಟ್ ಅಲ್ಲ. ಇನ್ನೊಂದು, ಪಕ್ಕದ ಗಾಜಿನ ಕೆಳ ಅಂಚಿಗಿಂತ ಮೇಲೆ ಹೋಗಬಾರದು, ಹೋದರೆ ಒಳಗನ್ನಡಿಯಲ್ಲಿ ಹಿಂದಿನ ರಸ್ತೆ ಅರ್ಧವೇ ಕಾಣುವುದು. ಸೀಟಿನ ಬೆನ್ನು ಹಿಂದಕ್ಕೆ ಒರಗುವ ಗಾಡಿಯಾದರೆ ಪೂರ್ತಿ ಒರಗಿಸಿಯೇ ಅಳೆಯಬೇಕು. ಆಗಲೂ ನಡುವೆ 20 ಮಿ.ಮೀ. ಉಳಿಯಬೇಕು.

ಹಂತ 2: ಟೇಪಿನ ಮೇಲೆ ಕೂರಿಸಿದ್ದು

ತೂತು ಹಾಕದೆ ಮುಗಿದರೆ ಒಳ್ಳೆಯದಲ್ಲವೇ ಎಂದು ಮೊದಲು ಕಿಟ್ಟಿನ ಟೇಪು. ಟ್ರಿಮ್ಮನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬ್ರಾಕೆಟ್ ಒತ್ತಿ, ಒಂದು ರಾತ್ರಿ ಬಿಟ್ಟು ಕ್ಯಾಸೆಟ್ ಹಾಕಿದ್ದು. ಬೆಳಗಿನ ಹೊತ್ತು ಚೆನ್ನಾಗಿ ನಿಂತಿತ್ತು. ಮಧ್ಯಾಹ್ನ ಬಿಸಿಲಲ್ಲಿ ಗಾಜೇರಿಸಿ ನಿಲ್ಲಿಸಿದ ಮೇಲೆ ಎಡದ ಬ್ರಾಕೆಟ್ ಜಾರಿ ಕೆಳಗೆ ಬಂದಿತ್ತು. ಅಂಟು ಬ್ರಾಕೆಟ್ಟಿಗೆ ಹಿಡಿದಿದೆ, ಟ್ರಿಮ್ಮಿಗೆ ಹಿಡಿದಿಲ್ಲ. ಕಿಟ್ಟಿನ ಟೇಪು ಕಳಪೆಯಿರಬಹುದೆಂದು ಒಳ್ಳೆಯ ಜಾತಿಯದ್ದನ್ನು ತಂದು ಹಾಕಿದರೂ ಅದೇ ಕತೆ, ಸ್ವಲ್ಪ ನಿಧಾನಕ್ಕೆ ಆಯಿತು ಅಷ್ಟೇ. ಎಪಾಕ್ಸಿ ಅಂಟು ಹಚ್ಚಿ ನೋಡಿದ್ದೂ ಆಯಿತು, ಗಟ್ಟಿಯಾದ ಅಂಟು ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು.

ಟ್ರಿಮ್ಮಿನ ಬೆನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅಲ್ಲಿ ಪಿಪಿ ಎಂದು ಅಚ್ಚಿರುತ್ತದೆ, ಪಾಲಿಪ್ರೊಪಿಲೀನ್. ಈ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟು ಯಾವುದೂ ಕಚ್ಚುವುದಿಲ್ಲ. ಇದಕ್ಕೆಂದೇ ಮೊದಲು ಹಚ್ಚುವ ಪ್ರೈಮರ್ ಸಿಗುತ್ತದೆ, ಆದರೂ ಸ್ಪ್ರಿಂಗ್ ಸದಾ ಒತ್ತುತ್ತಿರುವ ಜಾಗದಲ್ಲಿ, ಹಿಂಗಾಜಿನ ಕೆಳಗಿನ ಕಾವಿನಲ್ಲಿ ಅದನ್ನು ನಂಬುವುದು ಬೇಡ. ಟೇಪು ಏನಿದ್ದರೂ ತಾತ್ಕಾಲಿಕವಾಗಿ ಬ್ರಾಕೆಟ್ ಹಿಡಿದು ಅಳತೆ ನೋಡಲು ಸರಿ. ಆ ಕೆಲಸಕ್ಕೆ ಮುಂದೆ ಬಳಕೆಗೂ ಬಂತು.

ಅಂಟಿನ ಕಲೆ ಹೋಗಲಿಕ್ಕೆ ಪೆಟ್ರೋಲ್, ಥಿನ್ನರ್ ಹಾಕಬೇಡಿ, ಟ್ರಿಮ್ ಬೆಳ್ಳಗಾಗಿ ಮಚ್ಚೆ ಉಳಿಯುತ್ತದೆ. ನೀಲಗಿರಿ ಎಣ್ಣೆ ನಾಲ್ಕು ಹನಿ ಬಟ್ಟೆಗೆ ಹಾಕಿ ಉಜ್ಜಿದರೆ ಅಂಟು ಉಂಡೆಯಾಗಿ ಬರುತ್ತದೆ. ನೀಲಗಿರಿ ತೋಪುಗಳಿಗೆ ಬರವಿಲ್ಲದ ಜಿಲ್ಲೆ, ಎಣ್ಣೆ ಯಾವುದಾದರೂ ಮನೆಯಲ್ಲಿ ಇದ್ದೇ ಇರುತ್ತದೆ.

ಹಂತ 3: ನೇರವಾಗಿ ಸ್ಕ್ರೂ

ಕಿಟ್ಟಿನಲ್ಲಿ ಬಂದ 4.2 ಮಿ.ಮೀ. ಸ್ಕ್ರೂವನ್ನು ನೇರವಾಗಿ ಟ್ರಿಮ್ಮಿಗೆ ತಿರುಗಿಸಿದ್ದು. ಅಂಗಡಿಗಳಲ್ಲಿ ಹತ್ತು ನಿಮಿಷದಲ್ಲಿ ಹಾಕಿಕೊಡುವುದು ಹೆಚ್ಚಾಗಿ ಹೀಗೆಯೇ. ಟ್ರಿಮ್ ದಪ್ಪ 2.5 ಮಿ.ಮೀ. ಈ ಸ್ಕ್ರೂವಿನ ಒಂದು ಸುತ್ತು ಮರೆ (ಥ್ರೆಡ್) 1.4 ಮಿ.ಮೀ. ಲೆಕ್ಕ ಹಾಕಿದರೆ ಪ್ಲಾಸ್ಟಿಕ್ ಹಿಡಿದಿರುವುದು ಎರಡು ಸುತ್ತಿಗೂ ಕಮ್ಮಿ. ಬಿಗಿ ಮಾಡುವಾಗ ಕೈಗೆ ಗಟ್ಟಿ ಎನಿಸುತ್ತದೆ, ಇನ್ನು ಕಾಲು ಸುತ್ತು ತಿರುಗಿಸಿದರೆ ಮರೆ ಸವೆದು ಸುಮ್ಮನೆ ತಿರುಗತೊಡಗುತ್ತದೆ. ಬಲಗಡೆ ಒಂದು ಅಲ್ಲೇ ಹೋಯಿತು. ಉಳಿದವು ಬಂಗಾರಪೇಟೆ ರಸ್ತೆಯ ಹಂಪುಗಳಲ್ಲಿ ಸಡಿಲಾದವು.

ಉದ್ದದ ಸ್ಕ್ರೂ ಹಾಕಿ ಹಿಂದಿನ ತಗಡಿಗೇ ಕಚ್ಚಿಸೋಣ ಎನ್ನುವವರು ಒಂದು ನಿಮಿಷ ನಿಲ್ಲಬೇಕು. ಆ ಟ್ರಿಮ್ಮಿನ ಹಿಂದೆ ಹಿಂದಿನ ಲೈಟಿನ ವೈರಿಂಗ್ ಹೋಗುತ್ತದೆ, ಕೆಲವು ಗಾಡಿಗಳಲ್ಲಿ ಹಿಂಗಾಜಿಗೆ ನೀರು ಚಿಮ್ಮಿಸುವ ಸಣ್ಣ ಪೈಪೂ ಹೋಗುತ್ತದೆ, ಸೀಟ್ ಬೆಲ್ಟ್ ಸುತ್ತಿಕೊಳ್ಳುವ ರೀಲ್ ಕೂಡ ಅಲ್ಲೇ. ಕುರುಡಾಗಿ ಹಾಕಿದ ಒಂದೂವರೆ ಇಂಚಿನ ಸ್ಕ್ರೂ ಬೆಲ್ಟ್ ರೀಲಿಗೆ ತಾಗಿ ಬೆಲ್ಟ್ ಹೊರಗೆ ಬಾರದೆ ನಿಂತರೆ, ಕವರ್‌ಗೂ ಬೆಲ್ಟ್‌ಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ತಗಡಿಗೆ ತೂತು ಬಿದ್ದರೆ ತುಕ್ಕಿನ ದಾರಿಯೂ ತೆರೆಯುತ್ತದೆ. ಇಲ್ಲಿ ತಗಡನ್ನು ಮುಟ್ಟಿಲ್ಲ.

ಹಂತ 4: ಟ್ರಿಮ್ ತೆರೆಯುವುದು

ಉಳಿದ ದಾರಿ ಟ್ರಿಮ್ಮಿನ ಬೆನ್ನಿಗೆ ಲೋಹದ ಪಟ್ಟಿ ಕೊಟ್ಟು, ನಟ್ಟು ಬೋಲ್ಟಿನಲ್ಲಿ ನಡುವೆ ಪ್ಲಾಸ್ಟಿಕ್ಕನ್ನು ಹಿಡಿಸುವುದು. ಅದಕ್ಕೆ ಟ್ರಿಮ್ ಪೂರ್ತಿ ಹೊರಗೆ ಬರಬೇಕಿಲ್ಲ, ಕೈ ಮತ್ತು 8 ನಂಬರ್ ಸ್ಪ್ಯಾನರ್ ಒಳಗೆ ಹೋಗುವಷ್ಟು, ಅಂದರೆ ನಾಲ್ಕು ಬೆರಳು ತೆರೆದರೆ ಸಾಕು. ಇದರ ದೊಡ್ಡ ಲಾಭವೆಂದರೆ ಸೀಟ್ ಬೆಲ್ಟಿನ ಕೆಳಗಿನ ಬೋಲ್ಟ್ ಬಿಚ್ಚುವ ಕೆಲಸ ತಪ್ಪುತ್ತದೆ. ಅದನ್ನು ಬಿಚ್ಚಲೇಬೇಕಾದ ಗಾಡಿಯಾದರೆ ಮತ್ತೆ ಹಾಕುವಾಗ ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್ ಇಟ್ಟು ಕಂಪನಿ ಹೇಳಿದಷ್ಟೇ ಬಿಗಿ ಮಾಡಿ, ಅಂದಾಜು ಬೇಡ.

ಕ್ರಮ: ಇಗ್ನಿಷನ್ ಆಫ್. ಹಿಂಬಾಗಿಲ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ಮೊದಲು, ಅದು ನೇರ ಮೇಲಕ್ಕೆ ಎದ್ದು ಬರುತ್ತದೆ. ಆಮೇಲೆ ಚೀಲ ನೇತುಹಾಕುವ ಕೊಕ್ಕೆಯ ಸ್ಕ್ರೂ. ಆಮೇಲೆ ಹಿಂಬಾಗಿಲ ರಬ್ಬರ್ ಬೀಡಿಂಗನ್ನು ಆ ಬದಿಯಷ್ಟೇ ಎಳೆದು ಬಿಡುವುದು, ಟ್ರಿಮ್ಮಿನ ಅಂಚು ಅದರಡಿ ಸಿಕ್ಕಿಕೊಂಡಿರುತ್ತದೆ. ಕೊನೆಗೆ ಪ್ಲಾಸ್ಟಿಕ್ ಮೀಟುಪಟ್ಟಿ ತೂರಿಸಿ ಕ್ಲಿಪ್ಪು ಇರುವ ಜಾಗದ ಹತ್ತಿರವೇ ಮೀಟುವುದು. ಎರಡು ಕ್ಲಿಪ್ಪಿನ ನಡುವೆ ಎಳೆದರೆ ಟ್ರಿಮ್ ಬಾಗಿ ಬೆಳ್ಳನೆ ಗೆರೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಸ್ಕ್ರೂಡ್ರೈವರ್‌ನಲ್ಲಿ ಮೀಟಿದರೂ ಅಂಚಿಗೆ ಕಚ್ಚು ಉಳಿಯುತ್ತದೆ. 220 ರೂಪಾಯಿಯ ಮೀಟುಪಟ್ಟಿ ಸೆಟ್ಟಿಗೆ ಜಿಪುಣತನ ಬೇಡ.

ಡಿಕ್ಕಿ ದೀಪವೋ 12 ವೋಲ್ಟ್ ಸಾಕೆಟ್ಟೋ ಇದ್ದರೆ ವೈರ್ ಎಳೆದುಕೊಂಡು ಬರುತ್ತದೆ. ಕನೆಕ್ಟರಿನ ನಾಲಿಗೆ ಒತ್ತಿ ಬಿಡಿಸಿಕೊಳ್ಳಿ.

ಕ್ಲಿಪ್ಪುಗಳ ವಿಷಯ ಇಲ್ಲೇ ಹೇಳಬೇಕು. ಟ್ರಿಮ್ ಎದ್ದಾಗ ಕೆಲವು ಕ್ಲಿಪ್ಪು ಟ್ರಿಮ್ಮಿನ ಜೊತೆ ಬರುತ್ತವೆ, ಕೆಲವು ಬಾಡಿಯ ತೂತಿನಲ್ಲೇ ಉಳಿಯುತ್ತವೆ. ಉಳಿದವನ್ನು ಇಕ್ಕಳದಲ್ಲಿ ತೆಗೆದು ಮೊದಲು ಟ್ರಿಮ್ಮಿಗೆ ಕೂರಿಸಿ, ಆಮೇಲೆಯೇ ಟ್ರಿಮ್ ಒತ್ತಬೇಕು. ಹಾಗೇ ಒತ್ತಿದರೆ ಕ್ಲಿಪ್ಪು ಒಳಗೆ ತಗಡಿನ ಗೂಡಿಗೆ ಬಿದ್ದು, ಆಮೇಲೆ ಗಾಡಿ ಇರುವವರೆಗೂ ಟಣ್ ಟಣ್ ಎನ್ನುತ್ತಿರುತ್ತದೆ. ಉಕ್ಕಿನದಾದರೆ ಉದ್ದ ಕಡ್ಡಿಯ ಅಯಸ್ಕಾಂತದಲ್ಲಿ ಹುಡುಕಬಹುದು, ಪ್ಲಾಸ್ಟಿಕ್ಕಿನದಾದರೆ ಅದೃಷ್ಟ. ಮುರಿಯುವುದಕ್ಕೆಂದೇ ಎಂಟು ಕ್ಲಿಪ್ಪು ಮೊದಲೇ ತಂದಿಟ್ಟುಕೊಂಡದ್ದು ಕೆಲಸಕ್ಕೆ ಬಂತು.

ಒಂದು ಎಚ್ಚರಿಕೆ: ಗಾಜಿನ ಪಕ್ಕದ ಮೇಲಿನ ಕಂಬದ ಟ್ರಿಮ್ ಮುಟ್ಟಬೇಡಿ. ಪಕ್ಕದ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದು ಛಾವಣಿಯ ಅಂಚಿನಲ್ಲಿ ಹಿಂದಿನ ಕಂಬದವರೆಗೂ ಬರುತ್ತದೆ. ಟ್ರಿಮ್ ಮೇಲೆ ಏರ್‌ಬ್ಯಾಗ್ ಎಂಬ ಅಚ್ಚು ಕಂಡರೆ ಅಲ್ಲಿ ತೂತೂ ಇಲ್ಲ, ಕೊಕ್ಕೆಯೂ ಇಲ್ಲ.

ಹಂತ 5: ಬೆನ್ನುಪಟ್ಟಿ

ಅಲ್ಯೂಮಿನಿಯಂ ಪಟ್ಟಿ, 25 ಮಿ.ಮೀ. ಅಗಲ 3 ಮಿ.ಮೀ. ದಪ್ಪ. ಬ್ರಾಕೆಟ್ಟುಗಳಿಗೆ 90 ಮಿ.ಮೀ. ಉದ್ದದ ಎರಡು ತುಂಡು, ಕೊಕ್ಕೆಗಳಿಗೆ 60ರ ಎರಡು. ಬೇಕಾದದ್ದು 300 ಮಿ.ಮೀ., ಅಂಗಡಿಯವರು ಒಂದು ಮೀಟರ್‌ಗಿಂತ ಕಡಿಮೆ ಕೊಡುವುದಿಲ್ಲ. ಕತ್ತರಿಸಿದ ಅಂಚನ್ನು ಅರದಲ್ಲಿ ಉಜ್ಜಿ ನಾಲ್ಕು ಮೂಲೆಯನ್ನೂ ದುಂಡಗೆ ಮಾಡಿ. ಚೂಪು ಮೂಲೆ ವೈರಿಗೆ ತಾಗಿಕೊಂಡು ಇದ್ದರೆ ಒಂದು ದಿನ ಹಿಂದಿನ ಲೈಟಿನ ಫ್ಯೂಸ್ ಹೋಗುತ್ತದೆ.

ಬೋಲ್ಟ್ ಎಂ5 (5 ಮಿ.ಮೀ. ದಪ್ಪದ್ದು), ಗುಂಡು ತಲೆಯ ಅಲೆನ್ ಬೋಲ್ಟ್, 3 ಮಿ.ಮೀ. ಕೀ. ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು, ಅಗಲ ವಾಷರ್. ಒಂದೊಂದು ಪಟ್ಟಿಗೆ ಎರಡರಂತೆ ಒಟ್ಟು ಎಂಟು. ಒಂದೇ ಬೋಲ್ಟಿನಲ್ಲಿ ಕೂರಿಸಿದರೆ ಬ್ರಾಕೆಟ್ ಸುತ್ತುತ್ತದೆ.

ಉದ್ದದ ಲೆಕ್ಕ ನೋಡಿಕೊಳ್ಳಿ. ಬ್ರಾಕೆಟ್ 4, ಟ್ರಿಮ್ 2.5, ಪಟ್ಟಿ 3, ವಾಷರ್ 1, ನಟ್ಟು 5, ಕೂಡಿದರೆ 15.5. 20ರ ಬೋಲ್ಟ್ ಹಾಕಿದರೆ ನಟ್ಟಿನಾಚೆ 4.5 ಚಾಚಿರುತ್ತದೆ. ಅಂದರೆ ಟ್ರಿಮ್ಮಿನ ಬೆನ್ನಿನಿಂದ ತಗಡಿಗೆ ಕನಿಷ್ಠ 14–15 ಮಿ.ಮೀ. ಜಾಗ ಬೇಕು. ಬಲಗಡೆ ಧಾರಾಳವಾಗಿತ್ತು. ಎಡಗಡೆ ಇದ್ದದ್ದು 11 ಮಾತ್ರ. 20ರ ಬೋಲ್ಟ್ ಹಾಕಿ ಟ್ರಿಮ್ ಒತ್ತಿದರೆ ಕ್ಲಿಪ್ಪು ಕೂರಲೇ ಇಲ್ಲ, ಬೋಲ್ಟಿನ ತುದಿ ತಗಡಿಗೆ ತಾಗಿ ಟ್ರಿಮ್ ಹೊರಕ್ಕೆ ನಿಂತುಕೊಂಡಿತು. ಎಡಕ್ಕೆ 16ರ ಬೋಲ್ಟ್ ಹಾಕಿದ ಮೇಲೆ ಸರಿಹೋಯಿತು. ಈ ಜಾಗ ಅಳೆಯಲು ಚಪಾತಿ ಹಿಟ್ಟಿನ ಉಂಡೆ ಟ್ರಿಮ್ಮಿನ ಬೆನ್ನಿಗೆ ಅಂಟಿಸಿ, ಟ್ರಿಮ್ಮನ್ನು ಒತ್ತಿ, ಮತ್ತೆ ತೆಗೆದು ಚಪ್ಪಟೆಯಾದ ಹಿಟ್ಟಿನ ದಪ್ಪ ನೋಡಿದರಾಯಿತು. ಹಿಟ್ಟಿಗೂ ಟ್ರಿಮ್ಮಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟರೆ ಒರೆಸುವ ಕೆಲಸ ಉಳಿಯುತ್ತದೆ.

ತೂತು: ಮೊದಲು ಮಾಸ್ಕಿಂಗ್ ಟೇಪು, ಅದರ ಮೇಲೆ ಗುರುತು, 3 ಮಿ.ಮೀ. ಬಿಟ್‌ನಲ್ಲಿ ಆರಂಭ, 5.5ರಲ್ಲಿ ಮುಗಿಸುವುದು. ಹಂತ 3ರ ಸವೆದ ತೂತುಗಳು 4.2ರವು. ಅವೇ ಜಾಗದಲ್ಲಿ 5.5 ಹಾಕಿದ್ದರಿಂದ ಹಳೆ ಗಾಯ ಒಂದೂ ಹೊರಗೆ ಕಾಣುವುದಿಲ್ಲ. ಡ್ರಿಲ್ ವೇಗ ಕಡಿಮೆ ಇರಲಿ. ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಂಡು ತೂತು ಅಂಡಾಕಾರವಾಗುತ್ತದೆ. ಟ್ರಿಮ್ ತೆರೆದುಕೊಂಡಿರುವಾಗಲೇ, ಹಿಂದೆ ಮರದ ತುಂಡು ಹಿಡಿದು ಕೊರೆಯುವುದು ಒಳ್ಳೆಯದು. ಮುಚ್ಚಿದ ಟ್ರಿಮ್ಮಿಗೆ ಕೊರೆಯುವುದಾದರೆ ಬಿಟ್ಟಿಗೆ 6 ಮಿ.ಮೀ. ಬಿಟ್ಟು ಟೇಪಿನ ಗಂಟು ಸುತ್ತಿ, ಅದಕ್ಕಿಂತ ಒಳಗೆ ಹೋಗದಂತೆ.

ಟ್ರಿಮ್ ಚಪ್ಪಟೆಯಲ್ಲ, ಸ್ವಲ್ಪ ಬಾಗಿದೆ. ನೇರ ಪಟ್ಟಿ ಬಿಗಿದರೆ ನಡುವೆ ಮಾತ್ರ ಕಚ್ಚಿ ಎರಡು ತುದಿ ಗಾಳಿಯಲ್ಲಿರುತ್ತವೆ. ಪಟ್ಟಿಯನ್ನು ವೈಸಿನಲ್ಲಿ ಹಿಡಿದು ಕೈಯಲ್ಲೇ ಅಷ್ಟು ಬಾಗಿಸಿ, ಆಗದಿದ್ದರೆ ನಡುವೆ ಒಂದೂವರೆ ಮಿ.ಮೀ. ರಬ್ಬರ್ ಹಾಳೆ. ನಟ್ಟು ಬಿಗಿಯುವುದು ಪ್ಲಾಸ್ಟಿಕ್ ಒಳಕ್ಕೆ ತಗ್ಗದಷ್ಟು ಮಾತ್ರ. ನೈಲಾಕ್ ಇರುವುದರಿಂದ ಸಡಿಲಾಗುವ ಭಯವಿಲ್ಲ.

ಒಬ್ಬರೇ ಕೆಲಸ ಮಾಡುವಾಗ ಒಳಗೆ ನಟ್ಟು ಹಿಡಿಯುವುದು ಹಿಂಸೆ. ಅದಕ್ಕೆ ಅಲ್ಯೂಮಿನಿಯಂ ಬದಲು 2 ಮಿ.ಮೀ. ಕಬ್ಬಿಣದ ಪಟ್ಟಿಗೆ ವೆಲ್ಡಿಂಗ್ ಅಂಗಡಿಯಲ್ಲಿ ನಟ್ಟು ಬೆಸೆಸಿಕೊಂಡು, ಪ್ರೈಮರ್ ಹೊಡೆದು ಹಾಕಬಹುದು. ಮುಂದಿನಿಂದ ಬೋಲ್ಟ್ ತಿರುಗಿಸಿದರೆ ಸಾಕು. ಇನ್ನೊಂದು ಗಾಡಿಗೆ ಮಾಡುವುದಿದ್ದರೆ ಹೀಗೇ ಸರಿ ಎನಿಸುತ್ತದೆ.

ಹಂತ 6: ಕೊಕ್ಕೆ, ಕರ್ಣ, ಹಿಂಬಾಗಿಲು

ಕೊಕ್ಕೆಗಳನ್ನು ತೂತು ಹಾಕುವ ಮುಂಚೆ ಟೇಪಿನಲ್ಲೇ ಅಂಟಿಸಿ ಎರಡು ಪರೀಕ್ಷೆ.

ಒಂದು ಕರ್ಣ. ಎಡ ಬ್ರಾಕೆಟ್ಟಿನಿಂದ ಬಲ ಕೊಕ್ಕೆಗೆ, ಬಲ ಬ್ರಾಕೆಟ್ಟಿನಿಂದ ಎಡ ಕೊಕ್ಕೆಗೆ ಹಿಗ್ಗದ ದಾರ ಎಳೆದು ಅಳೆಯಿರಿ. ಇಲ್ಲಿ ಮೊದಲು ಬಂದದ್ದು 1,121 ಮತ್ತು 1,126. ಐದೇ ಮಿ.ಮೀ. ಎಂದು ಬಿಡುವಂತಿಲ್ಲ. ಈ ಆಕಾರದ ಡಿಕ್ಕಿಯಲ್ಲಿ ಕರ್ಣದ 5 ಎಂದರೆ ಒಂದು ಕೊಕ್ಕೆ ಸುಮಾರು 10 ಮಿ.ಮೀ. ಹಿಂದಿದೆ ಎಂದು ಅರ್ಥ. ಎಡದ ಕೊಕ್ಕೆಯನ್ನು 10 ಮುಂದಕ್ಕೆ ತಂದ ಮೇಲೆ ಎರಡೂ 1,121ಕ್ಕೆ ಬಂದವು. ಇದನ್ನು ಬಿಟ್ಟರೆ ಏನಾಗುತ್ತದೆಂದರೆ, ಶೀಟು ಪ್ರತಿ ಸಲ ಸುತ್ತಿಕೊಳ್ಳುವಾಗ ಒಂದು ಬದಿಗೆ ಸರಿದು ಕ್ಯಾಸೆಟ್ಟಿನ ಬಾಯಿಗೆ ಉಜ್ಜುತ್ತದೆ, ಕೆಲವು ತಿಂಗಳಲ್ಲಿ ಅಂಚು ನಾರುನಾರಾಗುತ್ತದೆ. ಆಗ ಎಲ್ಲರೂ ಶೀಟು ಕಳಪೆ ಎನ್ನುತ್ತಾರೆ.

ಎರಡನೆಯದು ಹಿಂಬಾಗಿಲು. ಬಾಗಿಲಿನ ಒಳ ಪ್ಲಾಸ್ಟಿಕ್ ಮುಚ್ಚುವಾಗ ಕಮಾನಿನಲ್ಲಿ ಒಳಕ್ಕೆ ಬರುತ್ತದೆ, ಮುಚ್ಚಿದಾಗ ಎಲ್ಲಿರುತ್ತದೋ ಅದಕ್ಕಿಂತ ಹೆಚ್ಚು ಒಳಗೆ ಹಾದು ಹೋಗುತ್ತದೆ. ಮತ್ತೆ ಹಿಟ್ಟಿನ ಉಂಡೆ: ಎಳೆಯುವ ಪಟ್ಟಿಯ ಮೇಲೆ ಮೂರು ಕಡೆ ಇಟ್ಟು ಬಾಗಿಲನ್ನು ನಿಧಾನವಾಗಿ ಮುಚ್ಚಿ ತೆಗೆಯಿರಿ. ಉಳಿದ ದಪ್ಪ 15 ಮಿ.ಮೀ.ಗಿಂತ ಕಡಿಮೆ ಇದ್ದರೆ ಕೊಕ್ಕೆ ಮುಂದಕ್ಕೆ ತನ್ನಿ. ಇಲ್ಲಿ ನಡುವಿನ ಉಂಡೆ 9ಕ್ಕೆ ಚಪ್ಪಟೆಯಾಗಿತ್ತು, ಬಾಗಿಲಿನ ಹಿಡಿಕೆಯ ಗುಂಡಿ ಅಲ್ಲಿ ಉಬ್ಬಿದೆ. ಎರಡೂ ಕೊಕ್ಕೆಯನ್ನು 8 ಮಿ.ಮೀ. ಮುಂದಕ್ಕೆ ತಂದು, ಕರ್ಣ ಮತ್ತೆ ನೋಡಿ, ಆಮೇಲೆ ತೂತು.

ಕೊಕ್ಕೆಗೆ ಬೆನ್ನುಪಟ್ಟಿ 60 ಮಿ.ಮೀ.ಯದು, ಉಳಿದದ್ದೆಲ್ಲ ಹಂತ 5ರಂತೆಯೇ.

ಹಂತ 7: ಸದ್ದು

ಕೋಲಾರದಿಂದ ಬಂಗಾರಪೇಟೆ ಮೇಲೆ ರಾಬರ್ಟ್‌ಸನ್‌ಪೇಟೆವರೆಗೆ, ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಂಡು. ನಯವಾದ ರಸ್ತೆಯಲ್ಲಿ 80ರ ವೇಗದಲ್ಲಿ ಏನೂ ಕೇಳಲಿಲ್ಲ. ಊರೊಳಗಿನ ಹಂಪು, ಜಲ್ಲಿ ಎದ್ದ ರಸ್ತೆಯಲ್ಲಿ 20–30ರ ವೇಗದಲ್ಲೇ ಸದ್ದು ಬರುವುದು. ಪರೀಕ್ಷೆ ಮಾಡಬೇಕಾದದ್ದು ಅಲ್ಲಿ.

ಎರಡು ಬಗೆಯ ಸದ್ದು ಇತ್ತು. ಟಕ್ ಟಕ್ ಎನ್ನುವುದು ಯು ಬ್ರಾಕೆಟ್ಟಿನಲ್ಲಿ ಕ್ಯಾಸೆಟ್ ತುದಿ ಮೇಲೆ ಕೆಳಗೆ ಬಡಿಯುವುದರಿಂದ. ಸ್ಪ್ರಿಂಗ್ ಉದ್ದಕ್ಕೆ ಬಿಗಿ ಹಿಡಿಯುತ್ತದೆ, ಎತ್ತರಕ್ಕೆ ಹಿಡಿಯುವುದಿಲ್ಲ. ಸೈಕಲ್ ಟ್ಯೂಬ್ ತುಂಡು ಒಳಗೆ ಅಂಟಿಸಿದರೆ ಟಕ್ ಟಕ್ ನಿಂತು ಕೀಂ ಕೀಂ ಶುರುವಾಯಿತು, ರಬ್ಬರ್ ಪ್ಲಾಸ್ಟಿಕ್ ಮೇಲೆ ಉಜ್ಜಿದರೆ ಹಾಗೇ. ಕುರ್ಚಿ ಕಾಲಿಗೆ ಅಂಟಿಸುವ 2 ಮಿ.ಮೀ. ಫೆಲ್ಟ್ ಬಟ್ಟೆ ಗುಂಡಿಯ ಮೂರು ಬದಿಗೂ ಹಾಕಿದ ಮೇಲೆ ಎರಡೂ ಹೋದವು. ಬ್ರಾಕೆಟ್ ಲೋಹದ ಬೋಲ್ಟಿನಲ್ಲಿ ಹಿಡಿದಿರುವುದರಿಂದ ಅಲ್ಲಿ ಅಂಟು ಬಿಟ್ಟರೂ ಬೀಳುವಂಥದ್ದೇನಿಲ್ಲ, ಫೆಲ್ಟ್ ಸವೆದಾಗ ಬದಲಿಸಿದರಾಯಿತು.

ಇನ್ನೊಂದು, ಶೀಟು ಸುತ್ತಿಕೊಂಡಿದ್ದಾಗ ಎಳೆಯುವ ಪಟ್ಟಿ ಕ್ಯಾಸೆಟ್ಟಿನ ಬಾಯಿಗೆ ಬಡಿಯುವುದು. ರೋಲರ್ ಸ್ಪ್ರಿಂಗ್ ಸಡಿಲವಿದ್ದರೆ ಹೀಗೆ. ಕ್ಯಾಸೆಟ್ಟಿನ ಒಂದು ತುದಿಯಲ್ಲಿ ಚಪ್ಪಟೆ ಮುಖದ ಕಡ್ಡಿ ಇರುತ್ತದೆ, ಅದನ್ನು ಇಕ್ಕಳದಲ್ಲಿ ಹಿಡಿದು ಸ್ಪ್ರಿಂಗ್ ಬಿಗಿಯುವ ದಿಕ್ಕಿಗೆ ಎರಡು ಸುತ್ತು ಹೆಚ್ಚು ಕೊಟ್ಟದ್ದಕ್ಕೆ ಪಟ್ಟಿ ಬಾಯಿಗೆ ಒತ್ತಿ ಕೂತಿತು. ಕಡ್ಡಿಯನ್ನು ಇಕ್ಕಳದಿಂದ ಬಿಟ್ಟರೆ ಇಡೀ ಸ್ಪ್ರಿಂಗ್ ಬಿಚ್ಚಿಕೊಂಡು ಮತ್ತೆ ಮೊದಲಿನಿಂದ ಸುತ್ತಬೇಕು. ಇನ್ನೂ ಹೆಚ್ಚು ಬಿಗಿದರೆ ಶೀಟು ಕೈಜಾರಿದಾಗ ರಪ್ಪನೆ ಹೋಗಿ ಬಡಿದು ಪಟ್ಟಿಯ ತುದಿ ಸೀಳುತ್ತದೆ.

ಹಂತ 8: ಬೆಲ್ಟು, ಮಕ್ಕಳ ಸೀಟು

ಇದನ್ನು ಬಹಳ ಜನ ನೋಡುವುದೇ ಇಲ್ಲ. ಗಾಡಿಯ ಕೊಂಡಿಗಳಿಗೇ ಕಚ್ಚಿಕೊಳ್ಳುವ ಐಸೋಫಿಕ್ಸ್ ಮಕ್ಕಳ ಸೀಟು ಬಳಸುವವರಾದರೆ ಅದರ ಮೇಲಿನ ಪಟ್ಟಿ ಹಿಂದಿನ ಸೀಟಿನ ಬೆನ್ನ ಮೇಲೆ ಹಾದು ಹಿಂದೆ ಇರುವ ಕೊಂಡಿಗೆ ಬರುತ್ತದೆ. ಕ್ಯಾಸೆಟ್ ಕೂರುವುದೂ ಅಲ್ಲೇ. ಪಟ್ಟಿ ಸೀಟಿನ ಬೆನ್ನಿಗೂ ಕ್ಯಾಸೆಟ್ಟಿಗೂ ನಡುವೆ ನೇರವಾಗಿ ಇಳಿಯಬೇಕು. ಕ್ಯಾಸೆಟ್ಟಿನ ಮೇಲೆ ಹಾದು ಹಿಂದೆ ಇಳಿಸಿದರೆ, ಅಪಘಾತದಲ್ಲಿ ಕ್ಯಾಸೆಟ್ ಮುರಿದಷ್ಟೂ ಪಟ್ಟಿ ಸಡಿಲಾಗಿ ಮಗುವಿನ ಸೀಟು ಮುಂದಕ್ಕೆ ಬಾಗುತ್ತದೆ. ನಡುವೆ ಜಾಗ ಸಾಲದಿದ್ದರೆ ಮಕ್ಕಳ ಸೀಟು ಇರುವ ದಿನ ಕವರ್ ಮನೆಯಲ್ಲಿರಲಿ.

ನಡುವಿನ ಸೀಟಿನ ಬೆಲ್ಟ್ ಛಾವಣಿಯಿಂದ ಇಳಿದು ಬರುವ ಗಾಡಿಗಳಿವೆ. ಅಲ್ಲಿ ಬೆಲ್ಟ್ ಎಳೆದು ಹಾಕಿಕೊಂಡು ಕ್ಯಾಸೆಟ್ಟಿಗೆ ತಾಗುತ್ತದೆಯೇ ನೋಡಬೇಕು. ಪಕ್ಕದ ಬೆಲ್ಟುಗಳು ಬ್ರಾಕೆಟ್ಟಿಗೆ ಉಜ್ಜಬಾರದು.

ಶೀಟಿನ ಮೇಲೆ ಏನೂ ಇಡಬಾರದು. ನೀರಿನ ಬಾಟಲಿ, ಕೊಡೆ, ಹೂವಿನ ಬುಟ್ಟಿ ಯಾವುದೂ. ಅದು ಮರೆ, ಹಲಗೆಯಲ್ಲ. ಇಟ್ಟ ಸಾಮಾನು ಬ್ರೇಕಿನಲ್ಲಿ ಹಾರಿ ಬರುತ್ತದೆ, ಸ್ಪ್ರಿಂಗೂ ಜೋತು ಬೀಳುತ್ತದೆ.

ಖರ್ಚು

ಕವರ್ 2,850. ಅಲ್ಯೂಮಿನಿಯಂ ಪಟ್ಟಿ ಒಂದು ಮೀಟರ್ 130. ಬೋಲ್ಟ್, ನೈಲಾಕ್ ನಟ್ಟು, ವಾಷರ್ ಸೇರಿ 80. ಫೆಲ್ಟ್ 90. ಟ್ರಿಮ್ ಕ್ಲಿಪ್ಪು ಎಂಟು, 120. ಮೀಟುಪಟ್ಟಿ ಸೆಟ್ 220. ಮಾಸ್ಕಿಂಗ್ ಟೇಪು 40. 5.5 ಬಿಟ್ 60. ಒಟ್ಟು 3,590 ರೂಪಾಯಿ. ಇದರ ಹೊರಗೆ ದಂಡವಾದದ್ದು ಟೇಪಿಗೆ 180, ಎಪಾಕ್ಸಿಗೆ 95. ಡ್ರಿಲ್, ವೈಸ್, ಅಲೆನ್ ಕೀ ಮೊದಲೇ ಇದ್ದವು.

ಆಮೇಲೆ ಗೊತ್ತಾದದ್ದು

ಕೆಂಪು ಧೂಳು. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ತೋಟದ ದಾರಿ ಹಿಡಿದರೆ ಶೀಟಿನ ಮೇಲೆ ಬೆರಳಲ್ಲಿ ಬರೆಯಬಹುದು. ಒರೆಸದೆ ಸುತ್ತಿಕೊಳ್ಳಲು ಬಿಟ್ಟರೆ ಧೂಳು ಒಳಗೆ ಹೋಗಿ ಪಿವಿಸಿ ಮೇಲೆ ಉದ್ದಕ್ಕೂ ಗೀರು ಬೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಣಗಿದ ಮೇಲೆಯೇ ಬಿಡಿ, ಒಳಗೆ ಬೂಷ್ಟು ಹಿಡಿದರೆ ವಾಸನೆ ಹೋಗುವುದಿಲ್ಲ.

ರೇಷ್ಮೆಗೂಡು ಸಾಗಿಸುವವರು ಕವರ್ ಎಳೆಯಬೇಡಿ. ಚೀಲಕ್ಕೆ ಗಾಳಿಯಾಡದೆ ಕಾವು, ತೇವ ಎರಡೂ ಕೂತು ಗೂಡಿನ ಗುಣ ಕೆಡುತ್ತದೆ.

ಸೀಟಿನ ಬೆನ್ನಿಗೂ ಕ್ಯಾಸೆಟ್ಟಿಗೂ ನಡುವೆ 35 ಮಿ.ಮೀ. ಸಂದು ಉಳಿದಿದೆ. ಪಕ್ಕದ ಗಾಜಿನಿಂದ ಬಗ್ಗಿ ನೋಡಿದರೆ ಒಳಗಿನದು ಕಾಣುತ್ತದೆ. ಇದಕ್ಕೆ ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ 980 ಮಿ.ಮೀ. ಉದ್ದ, 120 ಅಗಲದ ರೆಕ್ಸಿನ್ ಪಟ್ಟಿ ಹೊಲಿಸಿ, ಒಂದು ಅಂಚಿಗೆ ವೆಲ್ಕ್ರೋ ಹಾಕಿಸಿ, ಕ್ಯಾಸೆಟ್ಟಿನ ಮೇಲೆ ಅಂಟಿಸಿ ಸೀಟಿನ ಮೇಲೆ ಮಲಗಿಸಬೇಕು. ಅಲ್ಯೂಮಿನಿಯಂಗೆ ವೆಲ್ಕ್ರೋ ಅಂಟು ಚೆನ್ನಾಗಿ ಹಿಡಿಯುತ್ತದೆ, ಟ್ರಿಮ್ಮಿನ ಹಾಗಲ್ಲ. ಸೀಟು 60:40 ಮಡಿಸುವ ಗಾಡಿಯಾದ್ದರಿಂದ ಪಟ್ಟಿಯನ್ನು ಅದೇ ಜಾಗದಲ್ಲಿ ಸೀಳಿ ಎರಡು ತುಂಡಾಗಿ ಹೊಲಿಸುವುದು, ಇಲ್ಲದಿದ್ದರೆ ಒಂದು ಸೀಟು ಮಡಿಸಿದಾಗ ಇನ್ನೊಂದರ ಮೇಲಿನದೂ ಎದ್ದು ಬರುತ್ತದೆ. ಅದನ್ನು ಇನ್ನೂ ಹೊಲಿಸಿಲ್ಲ.